ಓದುಗರ ಸ್ಪಂದನ: ಮದುವೆ ಗೌನ್‌ಗೆ ಯಾವ ನೆಕ್ ಇಡಿಸಲಿ?

“ನನ್ನ ಕುತ್ತಿಗೆ ಗಿಡ್ಡ, ಭುಜ ಅಗಲ. ಮದುವೆಗೆ ಗೌನ್ ಹೊಲಿಸುತ್ತಿದ್ದೇನೆ. ಗೆಳತಿಯರು ಆಫ್ ಶೋಲ್ಡರ್ ಇಡಿಸು ಅನ್ನುತ್ತಾರೆ. ಅಮ್ಮನಿಗೆ ಮೈ ಮುಚ್ಚುವ ಬೋಟ್ ನೆಕ್ ಬೇಕಂತೆ. ಎರಡನ್ನೂ ಹಾಕಿ ನೋಡಿದೆ. ಎರಡರಲ್ಲೂ ಕುಸ್ತಿ ಪೈಲ್ವಾನನ ಹಾಗೆ ಕಂಡೆ. ಏನು ಮಾಡಲಿ?” ಎಂದು ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಪೈಲ್ವಾನನ ಹಾಗೆ ಕಂಡಿದ್ದು ನಿಜವೇ ಇರಬಹುದು ತಂಗಿ. ಆದರೆ ತಪ್ಪು ಭುಜದ್ದಲ್ಲ, ಗೆರೆಯದು. ಬೋಟ್ ನೆಕ್ ಅಂದರೆ ಈ ಭುಜದಿಂದ ಆ ಭುಜಕ್ಕೆ ಎಳೆದ ಅಡ್ಡಗೆರೆ. ಆಫ್ ಶೋಲ್ಡರೂ ಅಡ್ಡಗೆರೆಯೇ, ಸ್ವಲ್ಪ ಕೆಳಗೆ ಜಾರಿದೆ ಅಷ್ಟೇ. ಅಗಲ ಇರುವ ಕಡೆಯೇ ಅಡ್ಡಗೆರೆ ಎಳೆದರೆ ಇನ್ನೂ ಅಗಲ ಕಾಣುತ್ತದೆ. ನಿಮಗೆ ಬೇಕಾಗಿರುವುದು ಮೇಲಿನಿಂದ ಕೆಳಗಿಳಿಯುವ ಗೆರೆ, ಅಂದರೆ ವಿ ನೆಕ್. ಕುತ್ತಿಗೆಯ ಕೆಳಗೆ ಒಂದಿಷ್ಟು ಜಾಗ ಬಿಟ್ಟುಕೊಟ್ಟರೆ ಕುತ್ತಿಗೆಯೂ ಉದ್ದ ಕಾಣುತ್ತದೆ. ಕುತ್ತಿಗೆಯ ಹಿಂದೆ ಕಟ್ಟುವ ಹಾಲ್ಟರ್ ಮತ್ತು ಕಾಲರ್ ನೆಕ್ ಮಾತ್ರ ಬೇಡ. ಇರುವ ಗಿಡ್ಡ ಕುತ್ತಿಗೆಯನ್ನೂ ಅವು ನುಂಗಿಬಿಡುತ್ತವೆ.

ಹೊಲಿಗೆಯ ವಿಷಯ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಕೆಡುವುದು ಅಲ್ಲೇ. ವಿ ನೆಕ್ಕಿನ ಅಂಚು ಬಟ್ಟೆಯ ಓರೆಯಲ್ಲಿ, ಅಂದರೆ ನೂಲಿನ ನೇರಕ್ಕಲ್ಲದೆ ಅಡ್ಡಾದಿಡ್ಡಿಯಾಗಿ ಬರುತ್ತದೆ. ಓರೆ ಹಿಗ್ಗುತ್ತದೆ. ಒಳಗಿನಿಂದ ಸಣ್ಣ ಬಟ್ಟೆಯ ಟೇಪ್ ಕೊಟ್ಟು ಹಿಡಿದಿಡದಿದ್ದರೆ, ನೀವು ಬಗ್ಗಿದಾಗಲೆಲ್ಲ ನೆಕ್ ಬಾಯಿ ಬಿಡುತ್ತದೆ. ಟೇಪ್ ಹಾಕುತ್ತೀರಾ ಎಂದು ಟೈಲರನ್ನು ನಾಚಿಕೊಳ್ಳದೆ ಕೇಳಿ. ಮೊದಲು ಸಾದಾ ಕಾಟನ್ನಿನಲ್ಲಿ ಒಂದು ಟ್ರಯಲ್ ಹೊಲಿಸಿ. ಅದರಲ್ಲಿ ನೆಕ್ ಮೇಲೆಯೇ ಇರಲಿ. ನೀವು ಹಾಕಿಕೊಂಡು ನಿಂತ ಮೇಲೆ ಎಷ್ಟು ಇಳಿಸಬೇಕೆಂದು ಚಾಕ್‌ನಲ್ಲಿ ಗುರುತು ಹಾಕಿಸಿ. ಇಳಿಸುವುದು ಒಂದು ಕತ್ತರಿಯ ಕೆಲಸ. ಒಮ್ಮೆ ಕತ್ತರಿಸಿದ್ದನ್ನು ಏರಿಸಲು ನನ್ನ ಕೈಯಲ್ಲೂ ಆಗುವುದಿಲ್ಲ.

– ಇಪ್ಪತ್ತೆರಡು ವರ್ಷದಿಂದ ಹೊಲಿಯುತ್ತಿರುವವಳು

*

ನಾನು ಆಫ್ ಶೋಲ್ಡರ್ ಗೌನ್ ಹಾಕಿಕೊಂಡೇ ಮದುವೆಯಾದವಳು. ಟ್ರಯಲ್ ರೂಮಿನಲ್ಲಿ ಕನ್ನಡಿ ಮುಂದೆ ಐದು ನಿಮಿಷ ನೆಟ್ಟಗೆ ನಿಂತಿದ್ದೆ. ಚೆನ್ನಾಗಿತ್ತು. ಮದುವೆ ದಿನ ಎತ್ತರದ ಮಾವನನ್ನು ತಬ್ಬಿಕೊಳ್ಳೋಣ ಎಂದು ಕೈ ಎತ್ತಿದರೆ ಕೈ ಏಳಲೇ ಇಲ್ಲ! ಆ ತೋಳು ರಟ್ಟೆಯನ್ನು ಪಟ್ಟಿ ಕಟ್ಟಿದ ಹಾಗೆ ಹಿಡಿದುಕೊಂಡಿತ್ತು. ಒತ್ತಾಯ ಮಾಡಿ ಎತ್ತಿದರೆ ಇಡೀ ಗೌನ್ ಮೇಲೆ ಬರುತ್ತಿತ್ತು. ಎಲ್ಲ ಫೋಟೋದಲ್ಲೂ ನನ್ನ ಮೊಣಕೈ ಸೊಂಟಕ್ಕೆ ಅಂಟಿಕೊಂಡೇ ಇದೆ. ಈಗ ನೋಡಿ ನಗುತ್ತೇನೆ, ಅವತ್ತು ನಗು ಬರಲಿಲ್ಲ.

ಯಾವ ನೆಕ್ ಆದರೂ ಇರಲಿ, ಹಾಕಿಕೊಂಡು ಕುಳಿತುಕೊಳ್ಳಿ. ಬಗ್ಗಿ ಚಪ್ಪಲಿ ಮುಟ್ಟಿ. ಎರಡೂ ಕೈ ಎತ್ತಿ. ಗೆಳತಿಯನ್ನು ಗಟ್ಟಿಯಾಗಿ ತಬ್ಬಿಕೊಳ್ಳಿ. ಇನ್ನೊಂದು ಮಾತು, ಬ್ರಾ ಕೊಳ್ಳುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಮದುವೆಗೆ ಹಾಕುವ ಬ್ರಾದಲ್ಲೇ ಅಳತೆ ಕೊಡಿ. ಬೇರೆ ಬ್ರಾ ಹಾಕಿದರೆ ಎದೆಯ ಮಟ್ಟವೇ ಬದಲಾಗುತ್ತದೆ, ನೆಕ್ ಕೂರುವ ಜಾಗವೂ ಬದಲಾಗುತ್ತದೆ.

– ಮೊಣಕೈ ಅಂಟಿಸಿಕೊಂಡವಳು

*

ಅಮ್ಮನನ್ನು ಒಪ್ಪಿಸುವುದಕ್ಕೆ ಒಂದು ದಾರಿ ಹೇಳುತ್ತೇನೆ. ಅಮ್ಮನಿಗೆ ಬೇಕಿರುವುದು ಬೋಟ್ ನೆಕ್ ಅಲ್ಲ ಅನ್ನಿಸುತ್ತದೆ, ಮೈ ಮುಚ್ಚುವುದು. 2011ರಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂ ಮದುವೆಯಲ್ಲಿ ಕೇಟ್ ಹಾಕಿದ್ದ ಗೌನ್ ತೋರಿಸಿ. ಅಲೆಕ್ಸಾಂಡರ್ ಮೆಕ್‌ಕ್ವೀನ್ ಬ್ರಾಂಡ್‌ಗಾಗಿ ಸಾರಾ ಬರ್ಟನ್ ಮಾಡಿದ್ದು. ಮಣಿಕಟ್ಟಿನ ತನಕ ಲೇಸ್ ತೋಳು, ಭುಜದ ಮೇಲೂ ಲೇಸ್, ಮುಂದೆ ಮಾತ್ರ ವಿ. ಮುಚ್ಚಿದ ಹಾಗೂ ಆಯಿತು, ಗೆರೆ ಕೆಳಗಿಳಿದ ಹಾಗೂ ಆಯಿತು.

ಬೋಟ್ ನೆಕ್ ಎಂದರೆ 2018ರಲ್ಲಿ ವಿಲಿಯಂ ತಮ್ಮ ಹ್ಯಾರಿಯ ಮದುವೆಯಲ್ಲಿ ಮದುಮಗಳು ಮೇಗನ್ ಹಾಕಿದ್ದು ನೆನಪಾಗುತ್ತದೆ. ಅದು ಅವರಿಗೆ ಒಪ್ಪಿತ್ತು, ನಿಜ. ಆದರೆ ಆ ಗೌನ್ ಪೂರ್ತಿ ಸಾದಾ, ಕೂದಲನ್ನೂ ಎತ್ತಿ ಕಟ್ಟಿದ್ದರು. ನಮ್ಮಲ್ಲಿ ಒಂದು ಅಭ್ಯಾಸವಿದೆ. ಚಿತ್ರದಲ್ಲಿ ಚೆಂದ ಕಂಡ ನೆಕ್ ಹಿಡಿದುಕೊಂಡು ಬಂದು, ಅದರ ಮೇಲೆ ಕಲ್ಲು, ಮಣಿ, ಲೇಸ್ ಎಲ್ಲ ಸುರಿಯುತ್ತೇವೆ. ಆಮೇಲೆ ನೆಕ್ ಸರಿ ಇಲ್ಲ ಅನ್ನುತ್ತೇವೆ!

– ಇಬ್ಬರು ಹೆಣ್ಣುಮಕ್ಕಳ ತಾಯಿ

*

ಎಲ್ಲರೂ ಭುಜ ಮುಚ್ಚು, ಭುಜ ಸಣ್ಣ ಕಾಣಿಸು ಅನ್ನುತ್ತಾರೆ. ಯಾಕೆ? ನಾನು ಹತ್ತು ವರ್ಷ ಈಜಿದವಳು, ನನ್ನ ಭುಜ ನಿಮ್ಮದಕ್ಕಿಂತ ಅಗಲ ಇರಬಹುದು. ಭುಜದ ಪಟ್ಟಿಯೇ ಇಲ್ಲದ ಸ್ಟ್ರಾಪ್‌ಲೆಸ್ ಗೌನ್ ಹಾಕಿಕೊಂಡೆ. ಅಗಲವಾಗಿ ಕಂಡಿತು, ಕಾಣಲಿ ಎಂದೇ ಹಾಕಿದ್ದು.

ಒಂದೇ ಎಚ್ಚರಿಕೆ. ಸ್ಟ್ರಾಪ್‌ಲೆಸ್ ಗೌನ್ ನಿಲ್ಲಬೇಕಾದದ್ದು ಎದೆಯ ಮೇಲಲ್ಲ, ಸೊಂಟದ ಮೇಲೆ. ಒಳಗೆ ಸೊಂಟಕ್ಕೆ ಬಿಗಿಯುವ ಗಟ್ಟಿ ರಿಬ್ಬನ್ ಇದ್ದರೆ ಗೌನಿನ ಭಾರವನ್ನು ಅದು ಹೊರುತ್ತದೆ. ಇಲ್ಲದಿದ್ದರೆ ಸಂಜೆಯ ತನಕ ಗೌನ್ ಮೇಲೆಳೆದುಕೊಳ್ಳುವುದೇ ಕೆಲಸ.

– ಈಜುಗಾತಿ

*

ನಾನು ಮದುವೆ ಫೋಟೋ ತೆಗೆಯುವವನು. ಟ್ರಯಲ್ ರೂಮಿನ ಕನ್ನಡಿಯನ್ನು ಪೂರ್ತಿ ನಂಬಬೇಡಿ. ತಲೆಯ ಮೇಲಿನ ಲೈಟ್ ಗದ್ದದ ಕೆಳಗೆ ನೆರಳು ಹಾಕುತ್ತದೆ, ಕುತ್ತಿಗೆ ಇನ್ನೂ ಗಿಡ್ಡ ಕಾಣುತ್ತದೆ. ಸೆಲ್ಫಿಯೂ ಬೇಡ. ಹತ್ತಿರದಿಂದ ತೆಗೆದರೆ ಕ್ಯಾಮೆರಾಗೆ ಹತ್ತಿರ ಇರುವುದೆಲ್ಲ ದೊಡ್ಡದಾಗುತ್ತದೆ. ಏಳೆಂಟು ಅಡಿ ದೂರದಿಂದ, ಕಿಟಕಿಯ ಬೆಳಕಿನಲ್ಲಿ ಬೇರೆಯವರು ತೆಗೆಯಲಿ. ಕೂತಾಗಿನ ಫೋಟೋ ತೆಗೆಸಿಕೊಳ್ಳುವುದನ್ನು ಮರೆಯಬೇಡಿ.

ಮತ್ತೆ, ವಿ ನೆಕ್ ಇಡಿಸಿ ಕುತ್ತಿಗೆಗೆ ಅಂಟುವ ಚೋಕರ್ ಹಾಕಿದರೆ ಇಷ್ಟು ಕಷ್ಟಪಟ್ಟಿದ್ದೆಲ್ಲ ದಂಡ. ಭುಜಕ್ಕೆ ತಾಗುವ ಜೋತು ಓಲೆಯೂ ಹಾಗೆಯೇ.

– ಕ್ಯಾಮೆರಾ ಹಿಂದಿನವನು

*

ಒಂದು ಸಣ್ಣ ಮಾತು. ನೆಕ್ ಯಾವುದು ಎಂದು ಗೊತ್ತಾದ ದಿನದಿಂದ ರೌಂಡ್ ನೆಕ್ ಟೀ ಶರ್ಟ್ ಹಾಕಿಕೊಂಡು ಬಿಸಿಲಿಗೆ ಹೋಗಬೇಡಿ. ನನಗೆ ಯಾರೂ ಹೇಳಿರಲಿಲ್ಲ. ಅಷ್ಟು ಚೆಂದದ ವಿ ಒಳಗೆ ಟೀ ಶರ್ಟಿನ ಗುಂಡು ಗುರುತೂ ಮದುವೆಗೆ ಬಂದಿತ್ತು.

– ಎರಡು ಬಣ್ಣದ ಮದುಮಗಳು