ಯೆಜ್ಡಿ ಸೀಟಿನ ಬೆಲ್ಟ್: ನಮ್ಮ ಬ್ಯಾಚ್ ಗುಂಪಿನಲ್ಲಿ ನಡೆದ ವಾದ

ಗುಂಪು: ಮೆಕ್ಯಾನಿಕಲ್ ಡಿಪ್ಲೊಮಾ 1998

ಪ್ರಕಾಶ (ಮೈಸೂರು): [ಫೋಟೋ] ನೋಡ್ರಪ್ಪ ಇದನ್ನ. ಹಳೇ ಯೆಜ್ಡಿ ಬೈಕಿಗೆ ಚಪ್ಪಟೆ ಸೀಟ್ ಮಾಡಿಸಿ, ಹಿಂದಿನ ಹ್ಯಾಂಡಲ್ ಬಿಚ್ಚಿ, ಹಿಂದೆ ಕೂರೋರು ಹಿಡ್ಕೊಳ್ಳೋಕೆ ಸೀಟಿಗೆ ಅಡ್ಡ ಒಂದು ಬೆಲ್ಟ್ ಹಾಕಿದ್ದಾರೆ. ಎಷ್ಟು ಚೆನ್ನಾಗಿ ಕಾಣ್ತಿದೆ! ನಮ್ಮನೆ 1992ರ ರೋಡ್‌ಕಿಂಗ್‌ಗೂ ಹೀಗೇ ಮಾಡಿಸೋಣ ಅಂತಿದೀನಿ. ಬೆಲ್ಟು, ಸ್ಕ್ರೂ ಎಲ್ಲ ಸೇರಿ ಕಿಟ್ ಸಿಗುತ್ತಂತೆ.

ಬಸವರಾಜ (ಹುಬ್ಬಳ್ಳಿ): ಫೋಟೋ ದೊಡ್ಡದ ಮಾಡಿ ಬೆಲ್ಟಿನ ತುದಿ ನೋಡು. ಸ್ಟಾರ್ ತಲಿ ಸ್ಕ್ರೂ ಐತಿ, ವಾಷರ್ ಇಲ್ಲ. ಸೆಲ್ಫ್ ಟ್ಯಾಪಿಂಗ್ ಅದು, ನಟ್ ಇಲ್ದ ತಗಡಿನಾಗ ತಾನ ಹಲ್ಲು ಕೊರಕೊಂಡು ಕೂಡೂ ಸ್ಕ್ರೂ. ಸೀಟ್ ಪ್ಯಾನಿನ (ಸೀಟಿನ ತಳದ) ತಗಡು 1 ಮಿ.ಮೀ. ಆಸುಪಾಸು. 4.2 ಮಿ.ಮೀ. ದಪ್ಪದ ಸ್ಕ್ರೂಗೆ ಹಲ್ಲಿಂದ ಹಲ್ಲಿಗೆ 1.4 ಮಿ.ಮೀ. ಅಂದ್ರ ಒಂದು ಸುತ್ತೂ ಪೂರ್ತಿ ಕಚ್ಚಂಗಿಲ್ಲ. ಇದನ್ನ ಹಾಕಬ್ಯಾಡ.

ಪ್ರಕಾಶ: ಹಿಡ್ಕೊಂಡು ಕೂರೋಕೆ ತಾನೇ ಗುರು, ನೇತಾಡೋಕಲ್ಲವಲ್ಲ. ಇಪ್ಪತ್ತು ಮೂವತ್ತು ಕೆಜಿ ಎಳೆತ ಬಿದ್ರೆ ಹೆಚ್ಚು.

ಶೈಲಜಾ (ಬೆಂಗಳೂರು): ಹಾಗಲ್ಲ ಪ್ರಕಾಶ. ಹಂಪ್ ಹಾರಿದಾಗ ಹಿಂದೆ ಕೂತವರ ಮೈ ಸೀಟಿಂದ ಮೇಲೇಳುತ್ತೆ, ಕೈ ಬೆಲ್ಟಲ್ಲೇ ಇರುತ್ತೆ. ಆಗ ಇಡೀ ಮೈಯ ಜರ್ಕ್ ಬೆಲ್ಟಿಗೇ. ಅದಕ್ಕೇ ಯುರೋಪಿನ 1993ರ 93/32 ನಿರ್ದೇಶನದಲ್ಲಿ (ಬೈಕಿನ ಹಿಡಿಕೆಗಳ ನಿಯಮ) ಬೆಲ್ಟಿಗೆ ಅಂತಲೇ ಅಳತೆ ಬರೆದಿದ್ರು. ಬೆಲ್ಟಿನ ನಡುಮಧ್ಯಕ್ಕೆ ನೇರ ಮೇಲ್ಮುಖವಾಗಿ 2000 ನ್ಯೂಟನ್ ಎಳೆದರೂ ಬೆಲ್ಟ್ ಆಗಲಿ ಅದು ಕೂತಿರೋ ಜಾಗ ಆಗಲಿ ಕಿತ್ತು ಬರಬಾರದು. ಸುಮಾರು 204 ಕೆಜಿ. ಬೆಲ್ಟ್ ಬದಲು ಎರಡು ಕಡೆ ಹಿಡಿಕೆ ಇದ್ದರೆ ಒಂದೊಂದಕ್ಕೆ 1000 ನ್ಯೂಟನ್, ಒಂದೇ ಹಿಡಿಕೆ ಇದ್ದರೆ ಅದಕ್ಕೂ 2000.

ಪ್ರಕಾಶ: ಸರಿ, 204. ಎರಡು ತುದಿಗೆ ಹಂಚಿದ್ರೆ ತಲಾ ನೂರಾ ಎರಡು. ಒಂದೊಳ್ಳೆ ಬೋಲ್ಟ್ ಹಾಕಿದ್ರೆ ಮುಗೀತಲ್ಲ.

ದಿನೇಶ (ಉಡುಪಿ): ಅಲ್ಲೇ ತಪ್ಪುದು ಮಾರಾಯ. ಬೆಲ್ಟ್ ನೇರ ಮೇಲೆ ಹೋಗುದಿಲ್ಲ, ಓರೆ ಹೋಗ್ತದೆ. ಮಧ್ಯ ಹಿಡಿದು ಎಳೆದಾಗ ಎರಡೂ ಕಡೆ ಅಡ್ಡಗೆರೆಗೆ 45 ಡಿಗ್ರಿ ಓರೆ ಇದ್ದರೆ ಒಂದೊಂದು ತುದಿಗೆ 144 ಕೆಜಿ. 30 ಡಿಗ್ರಿಗೆ ಇಳಿದರೆ ಒಂದೊಂದಕ್ಕೇ 204. ಬೆಲ್ಟ್ ಬಿಗಿ ಆದಷ್ಟೂ ತುದಿಗೆ ಭಾರ ಜಾಸ್ತಿ. "ಟೈಟ್ ಮಾಡಿದ್ರೆ ಗಟ್ಟಿ" ಅಂತ ಹೇಳುವವರು ಇದನ್ನು ನೋಡುದೇ ಇಲ್ಲ.

ಬಸವರಾಜ: ದಿನೇಶ, ಲೆಕ್ಕ ಬರೋಬರಿ, ಆದರ ಸೀಟಿಗೆ ಭುಜ ಐತಿ. ಬೆಲ್ಟು ಫೋಮಿನ ಅಂಚಿನ ಮ್ಯಾಲೆ ಬಾಗಿ ಕೆಳಗ ಇಳಿತೈತಿ, ಪ್ಯಾನಿನ ಹತ್ರ ಬರೂದು ಹೆಚ್ಚೂ ಕಡಿಮಿ ನೆಟ್ಟಗ.

ದಿನೇಶ: ಫೋಮ್ ಮೆತ್ತಗೆ ಅಲ್ವಾ? 200 ಕೆಜಿ ಎಳೆದಾಗ ಆ ಭುಜ ಒಳಗೆ ಒತ್ತಿ ಹೋಗ್ತದೆ. ಕೆಟ್ಟದ್ದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಒಂದು ತುದಿಗೆ 200 ಅಂತ ಇಟ್ಟುಕೊಂಡು ಕೆಲಸ ಮಾಡು.

ಬಸವರಾಜ: ಅದಕ್ಕ ನಾನೂ ಒಪ್ತೀನಿ. ಆದರ ಪ್ರಕಾಶ, ಬೋಲ್ಟಿನ ಚಿಂತಿ ಬಿಡು. ಗಟ್ಟಿ 8.8 ಗ್ರೇಡಿನ M6 (6 ಮಿ.ಮೀ. ದಪ್ಪದ) ಬೋಲ್ಟ್ ಒಂದ ಟನ್ನಿಗಿಂತ ಹೆಚ್ಚ ತಡೀತೈತಿ. ಬೋಲ್ಟ್ ಮುರಿಯಂಗಿಲ್ಲ, ತಗಡ ಹರಿತೈತಿ. ಪ್ಯಾನಿನ ತಳಕ್ಕ ತೂತು ಹೊಡೆದು ಬೋಲ್ಟ್ ನೆಟ್ಟಗ ನಿಲ್ಲಿಸಿದಿ ಅಂದ್ರ ಬೆಲ್ಟ್ ಅದನ್ನ ಮ್ಯಾಲಕ್ಕ ಕೀಳ್ತೈತಿ, ವಾಷರ್ ಸಣ್ಣದಿದ್ರ ತಗಡಿನಾಗಿಂದ ದಾಟಿ ಬರತೈತಿ. ಪ್ಯಾನಿನ ಪಕ್ಕದ ಮಡಚಿದ ಅಂಚಿಗೆ ಬೋಲ್ಟ್ ಅಡ್ಡ ಹಾಕು. ಎಳೆತ ಬೋಲ್ಟಿಗೆ ಅಡ್ಡ ಬೀಳ್ತೈತಿ, ಕೀಳೂದು ಇರಂಗಿಲ್ಲ. ಒಳಗ 3 ಮಿ.ಮೀ. ಪಟ್ಟಿ ಕಬ್ಬಿಣ, 30 ಅಗಲ 60 ಉದ್ದ, ಅದರ ಮ್ಯಾಲೆ ನೈಲಾಕ್ ನಟ್, ಅಲುಗಾಟಕ್ಕ ಸಡಿಲ ಆಗದಂಥದ್ದು.

ನಾಗೇಶ (ಶಿವಮೊಗ್ಗ): ಗಟ್ಟಿ ಮಾಡೋದು ಆಮೇಲೆ. ಫೋಟೋದಲ್ಲಿ ಹಿಂದಿನ ಹ್ಯಾಂಡಲ್ ಬಿಚ್ಚಿದ್ದಾರಲ್ಲ, ಅದರ ಬಗ್ಗೆ ಯಾರೂ ಮಾತೇ ಆಡ್ತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮ, 123ನೇ ನಿಯಮ: ಬೈಕಿನ ಪಕ್ಕಕ್ಕೆ ಅಥವಾ ಸವಾರನ ಸೀಟಿನ ಹಿಂದೆ ಶಾಶ್ವತ ಹಿಡಿಕೆ, ಕಾಲಿಡೋಕೆ ಫುಟ್‌ರೆಸ್ಟ್, ಬಟ್ಟೆ ಸಿಕ್ಕದ ಹಾಗೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮುಚ್ಚೋ ಗಾರ್ಡ್. ನಿನ್ನ ಗಾಡಿ 92ರದ್ದು, ಈ ನಿಯಮ ಬಂದ ಮೇಲಿನದ್ದು.

ಪ್ರಕಾಶ: ನೀನೇ ಹೇಳ್ದೆಯಲ್ಲ, "ಸವಾರನ ಸೀಟಿನ ಹಿಂದೆ". ಬೆಲ್ಟ್ ಅಲ್ಲೇ ತಾನೇ ಇರೋದು? ಯುರೋಪಿನಲ್ಲಿ ಬೆಲ್ಟ್ ಒಂದೇ ಇದ್ದರೂ ನಡೆಯುತ್ತೆ ಅಂತ ಶೈಲಜಾನೂ ಹೇಳಿದ್ಲು.

ನಾಗೇಶ: "ಶಾಶ್ವತ" ಅನ್ನೋ ಪದ ಬಿಟ್ಟುಬಿಟ್ಟೆ. ಎರಡು ಸ್ಕ್ರೂ ಮೇಲೆ ಕೂತಿರೋ ಬೆಲ್ಟನ್ನ ಶಾಶ್ವತ ಅಂತ ಇನ್‌ಸ್ಪೆಕ್ಟರ್ ಮುಂದೆ ವಾದ ಮಾಡ್ತೀಯಾ?

ಶೈಲಜಾ: ನಾಗೇಶ, ಕಾನೂನಿನ ವಾದದಲ್ಲಿ ಪ್ರಕಾಶ ಗೆದ್ದರೂ ಗೆಲ್ಲಬಹುದು. ವಿಷಯ ಅದಲ್ಲ. ಯುರೋಪಿನಲ್ಲಿ ಹಿಂದೆ ಕೂರೋರು ಎರಡೂ ಕಡೆ ಕಾಲು ಹಾಕಿ ಕೂರ್ತಾರೆ, ಬೆಲ್ಟ್ ತೊಡೆಗಳ ನಡುವೆ ಸಿಗುತ್ತೆ. ನಮ್ಮಲ್ಲಿ ಸೀರೆ ಉಟ್ಟವರು ಒಂದೇ ಕಡೆ ಕಾಲು ಇಳಿಬಿಟ್ಟು ಕೂರ್ತಾರೆ. ಅವರಿಗೆ ಬೆಲ್ಟ್ ತೊಡೆಯ ಅಡಿಗೆ ಹೋಗುತ್ತೆ, ಕೈಗೆ ಸಿಗೋದೇ ಇಲ್ಲ. ಅವರ ಬಲಗೈ ಸವಾರನ ಹೆಗಲ ಮೇಲೆ, ಎಡಗೈ ಹಿಂದಿನ ಹ್ಯಾಂಡಲ್ ಮೇಲೆ. ಆ ಹ್ಯಾಂಡಲ್ ಬಿಚ್ಚಿದ್ರೆ ಎಡಗೈಗೆ ಏನಿದೆ? ನಿಮ್ಮಮ್ಮ ಹೇಗೆ ಕೂರ್ತಾರೆ ಪ್ರಕಾಶ, ಯೋಚನೆ ಮಾಡು. ಸಾರಿ ಗಾರ್ಡ್‌ಗೂ ಕೈ ಹಚ್ಚಬೇಡ.

ದಿನೇಶ: ಬ್ರೇಕ್ ಹಾಕಿದಾಗಲೂ ಅಷ್ಟೇ. ಹಿಂದಿನವರ ಮೈ ಮುಂದೆ ಜಾರ್ತದೆ. ಅವರ ಮುಂದೆ ಇರುವ ಬೆಲ್ಟ್ ಆಗ ಹೆಚ್ಚು ಉಪಯೋಗಕ್ಕೆ ಬರುದಿಲ್ಲ, ಬೆನ್ನಿನ ಹಿಂದೆ ಹ್ಯಾಂಡಲ್ ಹಿಡಿದಿದ್ದರೆ ಅದು ತಡೀತದೆ. ಬೆಲ್ಟ್ ಕೆಲಸ ಮಾಡುದು ಗಾಡಿ ರಪ್ಪನೆ ಎತ್ತಿದಾಗ, ಘಾಟಿ ಹತ್ತುವಾಗ, ಹಂಪ್ ಹಾರುವಾಗ. ಎರಡೂ ಬೇಕು. ಒಂದರ ಬದಲು ಇನ್ನೊಂದು ಅಲ್ಲ.

ಪ್ರಕಾಶ: ಆಯ್ತಪ್ಪ, ಹ್ಯಾಂಡಲ್ ಇರುತ್ತೆ. ಅದರ ಜೊತೆಗೇ ಬೆಲ್ಟ್. ಆದ್ರೆ ತೂತು ಯಾಕೆ ಹೊಡೀಬೇಕು? ಬೆಲ್ಟನ್ನ ಪ್ಯಾನಿನ ಅಡಿಯಿಂದ ಪೂರ್ತಿ ಸುತ್ತಿ ಬಕಲ್ ಹಾಕಿದ್ರೆ? ಇಲ್ಲಾ ಹಿಂದಿನ ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟಿಗೆ ಕಟ್ಟಿದ್ರೆ? ಅದು ಫ್ರೇಮಿಗೇ ಹೋಗುತ್ತೆ.

ದಿನೇಶ: ಶಾಕ್ ಬೋಲ್ಟ್ ಬೇಡ. ಅಲ್ಲಿ 3 ಮಿ.ಮೀ. ಪ್ಲೇಟ್ ತುರುಕಿದರೆ ನಟ್‌ಗೆ ಹಲ್ಲು ಕಡಿಮೆ ಸಿಗ್ತದೆ, ಬುಷ್ ಜಾಗದಲ್ಲಿ ಸರಿಯಾಗಿ ಕೂರುದಿಲ್ಲ. ಬೆಲ್ಟಿಗಾಗಿ ಸಸ್ಪೆನ್ಷನ್ ಕೆಡಿಸುದಾ? ಮತ್ತೆ ಆ ಜಾಗ ಹಿಂದೆ ಉಂಟು, ಬೆಲ್ಟ್ ಓರೆ ಎಳೆದುಕೊಂಡು ಹಿಂದೆ ಸರೀತದೆ, ಕೂತವರ ಅಡಿಗೆ ಹೋಗ್ತದೆ.

ಬಸವರಾಜ: ಸುತ್ತಿ ಹಾಕೂದು ಅಷ್ಟೇನೂ ಕೆಟ್ಟದ್ದಲ್ಲ. ಪ್ಯಾನ್ ಗಟ್ಟಿ ಇದ್ರ ನಡೀತೈತಿ. ಮೂರು ನೋಡಬೇಕ. ಪ್ಯಾನಿನ ಅಂಚು ಚಾಕುವಿನಂಗ ಇರತೈತಿ, ಅರದಿಂದ ಉಜ್ಜಿ ಸೈಕಲ್ ಟ್ಯೂಬ್ ಸೀಳಿ ಹೊದಿಸಬೇಕು. ಬಕಲ್ ಪ್ಯಾನಿನ ಅಡಿಗೆ ಬಂದ್ರ ವೈರಿಂಗ್ ಮ್ಯಾಲೆ ಕೂತು ಉಜ್ಜತೈತಿ, ಸುತ್ತಿದ ವೈರಿನ ಟೇಪ್ ಹರಿದು ಶಾರ್ಟ್ ಆಗತೈತಿ. ಇನ್ನ ಕೀಲಿ ಹಾಕೂ ಸೀಟಾದ್ರ ಎಳೆತ ಎಲ್ಲಾ ಆ ಲಾಕಿನ ಪಿನ್ನಿಗೆ, ಮುಂದಿನ ಕೊಕ್ಕಿಗೆ ಹೋಗತೈತಿ. ಈಗಿನ ಪ್ಲಾಸ್ಟಿಕ್ ಪ್ಯಾನಿನ ಗಾಡಿಗೆ ಸುತ್ತೂದ ಸರಿ, ಪ್ಲಾಸ್ಟಿಕ್‌ಗೆ ಸ್ಕ್ರೂ ಹೊಡದ್ರ ಒಂದ ಜರ್ಕಿಗೆ ಕಿತ್ತ ಬರತೈತಿ. ನಿನ್ನದು ತಗಡು, ಬೋಲ್ಟ್ ಹಾಕು.

ಶೈಲಜಾ: ಬೆಲ್ಟಿನ ಬಟ್ಟೆ ಬಗ್ಗೆ ನಾನು ಹೇಳ್ತೀನಿ. ಬ್ಯಾಗ್ ಅಂಗಡಿಯ ಅಗ್ಗದ ಪಟ್ಟಿ ಬಹಳಷ್ಟು ಪಾಲಿಪ್ರೊಪಿಲೀನ್. ಬಿಸಿಲಿಗೆ ಬೇಗ ಪುಡಿಯಾಗುತ್ತೆ. ಪರೀಕ್ಷೆ ಸುಲಭ: ತುಂಡೊಂದನ್ನ ನೀರಲ್ಲಿ ಚೆನ್ನಾಗಿ ಹಿಂಡಿ ಬಿಡು. ತೇಲಿದ್ರೆ ಪಾಲಿಪ್ರೊಪಿಲೀನ್, ಮುಳುಗಿದ್ರೆ ನೈಲಾನ್ ಅಥವಾ ಪಾಲಿಯೆಸ್ಟರ್. ಇವೆರಡರಲ್ಲಿ ಪಾಲಿಯೆಸ್ಟರ್ ತಗೋ. ನೈಲಾನ್ ಮಳೆಯಲ್ಲಿ ನೀರು ಕುಡಿದು ಉದ್ದ ಆಗುತ್ತೆ, ಒದ್ದೆಯಾದಾಗ ಬಲವೂ ಸ್ವಲ್ಪ ಇಳಿಯುತ್ತೆ. ಲಾರಿ ಸಾಮಾನು ಬಿಗಿಯೋ ರ‍್ಯಾಚೆಟ್ ಪಟ್ಟಿ ಇದೆಯಲ್ಲ, ಅದರ ಲೇಬಲ್ ನೀಲಿ ಇದ್ರೆ ಪಾಲಿಯೆಸ್ಟರ್, ಹಸಿರು ನೈಲಾನ್, ಕಂದು ಪಾಲಿಪ್ರೊಪಿಲೀನ್. 25 ಮಿ.ಮೀ. ಅಗಲದ್ದು ಸಾಕು.

ಬಸವರಾಜ: ನೈಲಾನ್ ಆದ್ರೂ ನಡೀತೈತಿ ಶೈಲಾ. ಜರ್ಕ್ ಬಂದಾಗ ಸ್ವಲ್ಪ ಹಿಗ್ಗಿ ಕೈಗೆ ಪೆಟ್ಟು ಕಡಿಮಿ ಮಾಡತೈತಿ.

ಶೈಲಜಾ: ಬೆಲ್ಟಿನ ಉದ್ದ ಅರ್ಧ ಮೀಟರ್ ಕಣೋ, ಅಷ್ಟರಲ್ಲಿ ಎಷ್ಟು ಹಿಗ್ಗುತ್ತೆ? ಮಳೆಗಾಲದಲ್ಲಿ ಜೋತುಬೀಳೋದು ಮಾತ್ರ ಖಚಿತ. ನಾನು ಪಾಲಿಯೆಸ್ಟರ್ ಅಂತಲೇ ಹೇಳ್ತೀನಿ.

ಪ್ರಕಾಶ: ತುದಿಗೆ ಕಾದ ಮೊಳೆಯಲ್ಲಿ ತೂತು ಮಾಡಿ ಬೋಲ್ಟ್ ತೂರಿಸಿದ್ರೆ ಸಾಕಾ?

ಶೈಲಜಾ: ಬೇಡ್ವೇ ಬೇಡ. 25 ಮಿ.ಮೀ. ಪಟ್ಟಿಯಲ್ಲಿ 8ರ ತೂತು ಅಂದ್ರೆ ಮೂರರಲ್ಲೊಂದು ಪಾಲು ನೂಲು ಅಲ್ಲೇ ಹೋಯ್ತು, ಸುತ್ತ ಸುಟ್ಟು ಗಟ್ಟಿಯಾದ ಅಂಚು ಮಿಕ್ಕಿದ್ದನ್ನ ಕುಯ್ಯುತ್ತೆ. ಗಂಟೂ ಹಾಕಬೇಡ, ಗಂಟು ಹಾಕಿದ ಪಟ್ಟಿಗೆ ಅರ್ಧ ಬಲ ಉಳಿದ್ರೆ ಹೆಚ್ಚು. ಉದ್ದ ಸೀಳು (ಸ್ಲಾಟ್) ಇರೋ ಕಬ್ಬಿಣದ ಪ್ಲೇಟ್ ಮಾಡಿಸು, ಪಟ್ಟಿ ಸೀಳಲ್ಲಿ ತೂರಿ ಹಿಂದಕ್ಕೆ ಮಡಚಿ ಹೊಲಿಗೆ.

ದಿನೇಶ: ಪ್ಲೇಟ್ ಅಳತೆ ಬರ್ಕೊ. 3 ಮಿ.ಮೀ. ಮೈಲ್ಡ್ ಸ್ಟೀಲ್, 40 ಅಗಲ, 50 ಉದ್ದ. ಒಂದು ಕಡೆ 28×5ರ ಸೀಳು, ಇನ್ನೊಂದು ಕಡೆ ಬೋಲ್ಟಿನ ತೂತು, ಎರಡರ ನಡುವೆ 25. ಸೀಳಿನ ಒಳ ಅಂಚು ಬೆರಳು ಆಡಿಸಿದರೆ ಎಲ್ಲೂ ಕೆರೆಯಬಾರದು, ಅಷ್ಟು ಉಜ್ಜಬೇಕು. ಪೇಂಟ್ ಉದುರ್ತದೆ, ಝಿಂಕ್ ಪ್ಲೇಟಿಂಗ್ ಮಾಡಿಸು.

ಬಸವರಾಜ: ಹೊಲಿಗಿಗೆ ಅರಿವಿ ಹೊಲಿಯೂ ಮಷೀನ್ ಬ್ಯಾಡ. ಕುಶನ್ ಅಂಗಡಿ ಇಲ್ಲಾ ಚಪ್ಪಲ್-ಬ್ಯಾಗ್ ಹೊಲಿಯೂ ಮಷೀನು. ದಾರ ಬಾಂಡೆಡ್ ಪಾಲಿಯೆಸ್ಟರ್, ಹತ್ತಿ ದಾರ ಮಳಿಗೆ ಕೊಳಿತೈತಿ. 40 ಮಿ.ಮೀ. ಉದ್ದದ ಚೌಕ ಹೊಲಿದು ಒಳಗ ಗುಣಿಸು ಚಿಹ್ನಿ. ಹೊಲಿಗಿ 3 ಮಿ.ಮೀ.ಗೆ ಒಂದು, ಅದಕ್ಕಿಂತ ಒತ್ತು ಹೊಲದ್ರ ಸೂಜಿ ತೂತಿನ ಸಾಲಿಗೆ ಪಟ್ಟಿ ಹರಿತೈತಿ. ಪಟ್ಟಿ ತುದಿ ಮಾತ್ರ ಕಾಯಿಸಿ ಅಂಟಿಸು, ನೂಲು ಬಿಡಬಾರದು.

ಪ್ರಕಾಶ: ಉದ್ದ? ಕೈ ಸಲೀಸಾಗಿ ಹೋಗ್ಲಿ ಅಂತ ಒಂದು 50 ಮಿ.ಮೀ. ಸಡಿಲ ಬಿಡ್ಲಾ?

ದಿನೇಶ: ಅಷ್ಟೆಲ್ಲ ಬೇಡ! ಸೀಟಿನ ಮೇಲಿನ ಅಗಲ 250 ಅಂತ ಇಟ್ಟುಕೊ. 13 ಮಿ.ಮೀ. ಸಡಿಲ ಇದ್ದರೆ ಮಧ್ಯ 40 ಮೇಲೆ ಏಳ್ತದೆ, ನಾಲ್ಕು ಬೆರಳಿಗೆ ಅಷ್ಟೇ ಬೇಕಾದ್ದು. 50 ಬಿಟ್ಟರೆ 80ರ ಮೇಲೆ ಏಳ್ತದೆ. ಆಗ ಹಿಂದೆ ಕೂತವರು ಬೆಲ್ಟ್ ಹಿಡಿದೂ ಹಿಂದಕ್ಕೆ ಜಾರ್ತಾರೆ, ಯಾರೂ ಕೂರದಿದ್ದಾಗ ಗಾಳಿಗೆ ರೆಗ್ಜಿನ್‌ಗೆ ಬಡೀತದೆ. 15 ಇಡು.

ಬಸವರಾಜ: ಟೇಪ್ ಹಿಡಿಯೂದು ಹೊಸ ಫೋಮು, ಹೊಸ ರೆಗ್ಜಿನ್ ಹಾಕಿದ ಮ್ಯಾಲೆ. ಬೋಲ್ಟಿಂದ ಬೋಲ್ಟಿಗೆ ಸೀಟಿನ ಮ್ಯಾಲಿಂದ 520 ಬಂತು ಅನ್ಕೋ. 15 ಕೂಡಿಸು, 535. ಪ್ಲೇಟಿಗೆ ಎರಡೂ ಕಡಿ 25ರಂಗ 50 ಕಳಿ, 485. ಮಡಿಕಿಗೆ 70ರಂಗ 140 ಕೂಡಿಸು. 625ಕ್ಕ ಕತ್ತರಿಸು.

ಪ್ರಕಾಶ: ರೆಗ್ಜಿನ್ ಮೇಲಿಂದಲೇ ಬೋಲ್ಟ್ ಹೊಡೆದ್ರೆ?

ಬಸವರಾಜ: ಫೋಮಿನ ಮ್ಯಾಲಿಂದ ಬ್ಯಾಡ. ಆ ತೂತಿನಾಗಿಂದ ಮಳಿ ನೀರು ಇಳಿದು ಫೋಮ್ ಸ್ಪಂಜಿನಂಗ ಹಿಡಕೊಂಡ ಕೂಡತೈತಿ, ಪ್ಯಾನ್ ಒಳಗಿಂದ ಜಂಗು ತಿಂತೈತಿ. ಜಂಗು ತಿಂದ ಪ್ಯಾನಿಗೆ ಯಾವ ಬೋಲ್ಟೂ ನಿಲ್ಲಂಗಿಲ್ಲ. ಪಕ್ಕದ ಅಂಚು, ಫೋಮು ಮುಗಿದ ಕೆಳಗ. ತೂತು ಕೊರೆದ ಮ್ಯಾಲೆ ಬರ್ (ತೂತಿನ ಅಂಚಿನ ಚೂಪು) ತಗದು ರೆಡ್ ಆಕ್ಸೈಡ್ ಪೇಂಟ್ ಹಚ್ಚು. ಹಳೇ ಪ್ಯಾನ್ ಮೊದಲ ಸ್ಕ್ರೂ ಡ್ರೈವರಿನಿಂದ ಚುಚ್ಚಿ ನೋಡು, ತಗಡು ಒಳಗ ಹೋತು ಅಂದ್ರ ಬೆಲ್ಟಿನ ಮಾತ ಬಿಡು, ಮೊದಲ ತಗಡು ಬದಲಾಗಬೇಕ.

ನಾಗೇಶ: ಒಂದು ಕೇಳ್ತೀನಿ. ನಮ್ಮ ಚಿಕ್ಕಪ್ಪನದ್ದು ಎರಡೂ ಕಡೆ ಎಕ್ಸ್‌ಟ್ರಾ ಚಕ್ರ ಇರೋ ಸ್ಕೂಟರ್. ಅದರ ಹಿಂದಿನ ಸೀಟಿಗೂ ಇದೇ ಬೆಲ್ಟ್ ಆಗುತ್ತಾ?

ಶೈಲಜಾ: ಅದಕ್ಕೆ ಬೆಲ್ಟ್ ಒಂದೇ ಸಾಲಲ್ಲ. ಎರಡು ಚಕ್ರದ ಗಾಡಿ ತಿರುವಿನಲ್ಲಿ ವಾಲುತ್ತೆ, ಹಿಂದೆ ಕೂತವರೂ ಜೊತೆಗೆ ವಾಲ್ತಾರೆ, ಭಾರ ಸೀಟಿಗೇ ಒತ್ತುತ್ತೆ. ಪಕ್ಕದ ಚಕ್ರ ಇರೋದು ವಾಲಲ್ಲ. ಕೂತವರ ಮೈ ತಿರುವಿನ ಹೊರಕ್ಕೆ ದೂಡಿಸಿಕೊಳ್ಳುತ್ತೆ. ಮಧ್ಯದ ಬೆಲ್ಟ್ ಅಲ್ಲಿ ಪಕ್ಕಕ್ಕೆ ತಡೆಯೋದು ಕಮ್ಮಿ. ಸೀಟಿನ ಎರಡೂ ಬದಿಗೆ ಪೈಪಿನ ಹಿಡಿಕೆ, ಜೊತೆಗೆ ಬೆನ್ನಿಗೆ ಆಸರೆ ಬೇಕು.

ದಿನೇಶ: ಆ ಹಿಡಿಕೆಯನ್ನು ಸೈಡ್ ಚಕ್ರದ ಫ್ರೇಮಿಗೆ ಬೆಸುಗೆ ಹಾಕಬೇಡಿ, ಅದು ಗುಂಡಿಯಲ್ಲಿ ಬೇರೆಯೇ ಅಲ್ಲಾಡ್ತದೆ, ಬಿರುಕು ಬಿಡ್ತದೆ. ಸ್ಕೂಟರಿನ ಹಿಂದಿನ ಕ್ಯಾರಿಯರ್ ಬೋಲ್ಟುಗಳಿಗೆ ಬ್ರಾಕೆಟ್ ಮಾಡಿಸಿ.

ನಾಗೇಶ: ಸರಿ. ಪ್ರಕಾಶ, ನಿನ್ನ ಮಗಳ ಮಗು ಬೆಲ್ಟ್ ಹಿಡ್ಕೊಂಡು ಕೂರುತ್ತೆ ಅಂತ ಮಾತ್ರ ಅಂದುಕೊಳ್ಳಬೇಡ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸವಾರನಿಗೆ ಕಟ್ಟೋ ಹಾರ್ನೆಸ್ಸೂ ಹೆಲ್ಮೆಟ್ಟೂ ಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. 2022ರಲ್ಲಿ ಹೊರಡಿಸಿದ ನಿಯಮ.

ಪ್ರಕಾಶ: ಹಾರ್ನೆಸ್ ಇದೆ, ಅದರ ಚಿಂತೆ ಬೇಡ. ಎಲ್ಲಾ ಆದಮೇಲೆ 204 ಕೆಜಿ ತಡೆಯುತ್ತೆ ಅಂತ ಗೊತ್ತಾಗೋದು ಹೇಗೆ? ಚೈನ್ ಪುಲ್ಲಿ ಹಾಕಿ ಮೇಲಕ್ಕೆ ಎಳೀಲಾ?

ದಿನೇಶ: ಬೈಕೇ ಮೇಲೆ ಬರ್ತದೆ, ಅದರ ತೂಕ ಅಷ್ಟಿಲ್ಲ. ಸೀಟ್ ಬಿಚ್ಚಿ ತಲೆಕೆಳಗು ಮಾಡಿ, ಫ್ರೇಮಿಗೆ ಕೂರುವ ಅದೇ ತೂತುಗಳಿಂದ ಎರಡು ಗಟ್ಟಿ ಆಂಗಲ್‌ಗೆ ಬೋಲ್ಟ್ ಹಾಕು. ಬೆಲ್ಟ್ ಕೆಳಗೆ ಜೋತು ಬೀಳ್ತದೆ. ನಡುವೆ 40 ಅಗಲದ ಮರದ ತುಂಡು ಕೂರಿಸಿ ಅದರಿಂದ ಹಲಗೆ ತೂಗುಬಿಡು. ಹಲಗೆ ಮೇಲೆ 50 ಕೆಜಿಯ ಸಿಮೆಂಟ್ ಚೀಲ ಒಂದೊಂದಾಗಿ ನಾಲ್ಕು. ಹಲಗೆ, ಹಗ್ಗದ ತೂಕ ಸೇರಿ ಲೆಕ್ಕ ಸರಿ ಆಗ್ತದೆ. ಹಲಗೆ ನೆಲದಿಂದ ಒಂದು ಗೇಣು ಮೇಲೆ ಇರಲಿ, ಅದರ ಅಡಿಯಲ್ಲಿ ನಿನ್ನ ಪಾದ ಇಡಬೇಡ.

ಬಸವರಾಜ: ಇಳಿಸಿದ ಮ್ಯಾಲೆ ಬೋಲ್ಟಿನ ತೂತು ನೋಡು. ದುಂಡಗಿದ್ದದ್ದು ಉದ್ದ ಆಗಿದ್ರ ಒಳಗಿನ ಪಟ್ಟಿ ಸಣ್ಣದಾತು ಅಂತ ಅರ್ಥ. ಹೊಲಿಗಿಯ ದಾರ ಬಿಳಿಚಿಕೊಂಡಿದ್ರ ಬಿಚ್ಚಿ ಮತ್ತ ಹೊಲಿ.

ಪ್ರಕಾಶ: M6ಆ M8ಆ, ಅದನ್ನೊಂದು ಹೇಳಿಬಿಡಿ.

ದಿನೇಶ: M8.

ಬಸವರಾಜ: M6 ಸಾಕು. ತೂತು ಸಣ್ಣದಾದಷ್ಟು ಅಂಚಿನ ತಗಡು ಹೆಚ್ಚು ಉಳಿತೈತಿ. ಆ ಅಂಚು ಇರೂದ ಎರಡು ಬೆರಳ ಅಗಲ.

ದಿನೇಶ: ಅಂಚಿನ ಅಗಲ 25ಕ್ಕಿಂತ ಹೆಚ್ಚಿದ್ದರೆ M8, ಕಡಿಮೆ ಇದ್ದರೆ ಬಸು ಹೇಳಿದ್ದು ಸರಿ. ಬೋಲ್ಟ್ ತಲೆ ದುಂಡಗಿನದ್ದು ಹೊರಗೆ, ನಟ್ ಒಳಗೆ. ಹೊರಗೆ ನಟ್ ಬಂದರೆ ತೊಡೆಗೆ ತಾಗ್ತದೆ, ಸೀರೆ ಸೆರಗಿಗೂ ಸಿಕ್ಕುತ್ತದೆ.

ಬಸವರಾಜ: ಪ್ರಕಾಶ, ನಾಳಿ ಸೀಟ್ ಬಿಚ್ಚಿ ಪ್ಯಾನಿನ ತಳದ ಫೋಟೋ ಹಾಕು. ಅಂಚಿನ ಅಗಲಕ್ಕ ಸ್ಕೇಲ್ ಹಿಡಿದು ತಗಿ. ಬ್ಯಾಟರಿ ಮತ್ತ ವೈರಿಂಗ್ ಎಲ್ಲಿ ಹೋಗತೈತಿ ಅದೂ ಕಾಣಬೇಕ.