ಗ್ಯಾಸ್ ಗೀಸರ್‌ಗೆ ಮರುಪರಿಚಲನೆ ಪಂಪ್: ಉರಿ ಹೊತ್ತಿ ಹೊತ್ತಿ ಆರುತ್ತಿದೆ

ಪ್ರಶ್ನೆ (ಜಯನಗರ)

ನಮಸ್ಕಾರ. ಯುಟಿಲಿಟಿಯಲ್ಲಿ ನಿಮಿಷಕ್ಕೆ 6 ಲೀಟರಿನ ಗ್ಯಾಸ್ ಗೀಸರ್ ಇದೆ. ಅಲ್ಲಿಂದ ಮೇಲಿನ ಬಚ್ಚಲಿಗೆ ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪ್, ಸುಮಾರು 18 ಮೀಟರ್. ಬಿಸಿನೀರು ಬರುವ ಮೊದಲು ನಾಲ್ಕೈದು ಚೊಂಬು ಕಾವೇರಿ ನೀರು ಮೋರಿಗೆ ಹೋಗುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕುಳಿತ ನಮಗೆ ಇದನ್ನು ನೋಡಿಕೊಂಡಿರಲು ಆಗಲಿಲ್ಲ. ಮನೆ ದುರಸ್ತಿಯ ವೇಳೆ, ಪೈಪಿನಲ್ಲಿ ನಿಂತ ನೀರು ಮೋರಿಗೆ ಹೋಗದೆ ಗೀಸರಿಗೇ ಮರಳಲೆಂದು ಬಚ್ಚಲಿನಿಂದ ವಾಪಸ್ ಪೈಪ್ ಎಳೆಸಿ ಸಣ್ಣ ಪಂಪ್ ಕೂರಿಸಿದೆವು.

ಪಂಪ್ ಹಾಕಿದರೆ ಗೀಸರ್ ಸ್ವಲ್ಪ ಹೊತ್ತು ಚೆನ್ನಾಗಿ ಉರಿದು ಆರುತ್ತದೆ, ಮತ್ತೆ ಹೊತ್ತುತ್ತದೆ. ಅಡುಗೆಮನೆಯ ತಣ್ಣೀರಿನ ನಲ್ಲಿಯಲ್ಲೂ ಉಗುರುಬೆಚ್ಚಗಿನ ನೀರು. ಗೀಸರನ್ನೇ ಬದಲಿಸಿ ಎನ್ನುತ್ತಾರೆ ಪ್ಲಂಬರ್.

ಉತ್ತರ (ಬಸವನಗುಡಿ)

ಸರ್, ಗೀಸರ್ ಬದಲಿಸಬೇಡಿ. ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ತೊಂದರೆ.

ಉರಿ ಆರುವುದಕ್ಕೆ ಲೆಕ್ಕ ನೋಡಿ. 6 ಲೀಟರನ್ನು 25 ಡಿಗ್ರಿ ಏರಿಸಲು ಸುಮಾರು 10.5 ಕಿಲೋವ್ಯಾಟ್ ಬೇಕು. ಸಣ್ಣ ಪಂಪ್ ನಿಮಿಷಕ್ಕೆ 3 ಲೀಟರ್ ಮಾತ್ರ ತಳ್ಳಿದರೆ ಅದೇ ಉರಿಗೆ 50 ಡಿಗ್ರಿ ಏರುತ್ತದೆ. ಸುತ್ತಿ ಬಂದ ನೀರು ಆಗಲೇ 40 ಡಿಗ್ರಿ ಇದ್ದರೆ ಹೊರಗೆ ಬರುವುದು 90! ಅಷ್ಟರೊಳಗೆ ಅತಿಬಿಸಿ ಸೆನ್ಸರ್ ಗ್ಯಾಸ್ ನಿಲ್ಲಿಸುತ್ತದೆ, ನಿಲ್ಲಿಸಲೇಬೇಕು. ಸಿಪಿವಿಸಿ ಪೈಪಿನ ಮಿತಿಯೇ 93 ಡಿಗ್ರಿ. ಆ ಸೆನ್ಸರಿನ ತಂತಿಯನ್ನು ನೇರ ಜೋಡಿಸಿಕೊಡುತ್ತೇನೆ ಎಂದು ಯಾರೇ ಹೇಳಿದರೂ ದಯವಿಟ್ಟು ಒಪ್ಪಬೇಡಿ.

ಪಂಪ್ ಸದಾ ಓಡಬಾರದು. ವಾಪಸ್ ಪೈಪ್ ಶುರುವಾಗುವ ಬಚ್ಚಲಿನ ಕಡೆಯ ತುದಿಯಲ್ಲಿ ಪೈಪಿಗೆ ಕಟ್ಟುವ ಥರ್ಮೋಸ್ಟ್ಯಾಟ್ ಹಾಕಿ, 35 ಡಿಗ್ರಿಗೆ ಪಂಪ್ ನಿಲ್ಲುವಂತೆ ಮಾಡಿ. ಸ್ನಾನಕ್ಕೆ ಹೋಗುವಾಗ ಒಂದು ಗುಂಡಿ ಒತ್ತಿದರೆ ಸಾಕು. ನಿಮ್ಮ ಪೈಪಿನಲ್ಲಿ ಮೀಟರಿಗೆ ಕಾಲು ಲೀಟರಿನಂತೆ ನಾಲ್ಕೂವರೆ ಲೀಟರ್ ನಿಂತಿರುತ್ತದೆ. ಒಂದೂವರೆ ನಿಮಿಷದಲ್ಲಿ ಬಿಸಿನೀರು ತುದಿ ಮುಟ್ಟುತ್ತದೆ. ವಾಪಸ್ ಪೈಪಿನಲ್ಲಿ ತಣ್ಣೀರೇ ಉಳಿಯುವುದರಿಂದ ಗೀಸರಿಗೆ ಬಿಸಿನೀರು ಹೋಗುವುದೂ ತಪ್ಪುತ್ತದೆ.

ಇನ್ನು ಅಡುಗೆಮನೆಯ ನಲ್ಲಿ. ತಣ್ಣೀರಿನ ಪೈಪೂ ವಾಪಸ್ ಪೈಪೂ ಕೂಡುವ ಟೀಗಿಂತ (ಮೂರು ಬಾಯಿಯ ಜೋಡಣೆ) ಮೊದಲು, ತಣ್ಣೀರಿನ ಕಡೆ ಎನ್‌ಆರ್‌ವಿ, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್, ಇದೆಯೇ? ಇಲ್ಲದಿದ್ದರೆ ಪಂಪ್ ತಳ್ಳಿದ ನೀರು ಅತ್ತಲೂ ನುಗ್ಗುತ್ತದೆ. ಹಿಡಿ ತೆರೆದೇ ಬಿಟ್ಟ ಮಿಕ್ಸರ್ (ಬಿಸಿನೀರು ತಣ್ಣೀರು ಬೆರೆಸುವ ನಲ್ಲಿ) ಎಲ್ಲಾದರೂ ಇದ್ದರೆ ಅದರ ಮೂಲಕ ಸುತ್ತು ಪೂರ್ತಿಯಾಗಿಬಿಡುತ್ತದೆ. ಪಂಪಿನ ಮುಂದೆ ವಾಪಸ್ ಪೈಪಿನಲ್ಲೂ ಒಂದು ಎನ್‌ಆರ್‌ವಿ ಬೇಕು. ಎರಡರ ಬಾಣವೂ ಗೀಸರ್ ಕಡೆಗಿರಲಿ. ಸ್ಪ್ರಿಂಗ್ ಇರುವುದು ಬೇಡ: ಟ್ಯಾಂಕ್ 3 ಮೀಟರ್ ಮೇಲಿದ್ದರೆ ಸಿಗುವ ಒತ್ತಡವೇ 0.3 ಬಾರ್, ಅದರಲ್ಲಿ ಸ್ಪ್ರಿಂಗ್ ತನ್ನ ಪಾಲು ತಿನ್ನುತ್ತದೆ. ಒಳಗೆ ತೂಗುವ ಮುಚ್ಚಳವಿರುವ ಸ್ವಿಂಗ್ ಮಾದರಿಯದನ್ನು ಮಲಗಿಸಿ ಕೂರಿಸಿ. ಬಿಸಿನೀರಿನ ಸಾಲಿಗೆ ಗಾಳಿಪೈಪ್ ಇಲ್ಲದಿದ್ದರೆ ಸೇಫ್ಟಿ ವಾಲ್ವ್ ಕೂಡ ಬೇಕೇ ಬೇಕು. ಎನ್‌ಆರ್‌ವಿ ಹಾಕಿದ ಮೇಲೆ ಕಾದ ನೀರು ಹಿಗ್ಗಲು ಬೇರೆ ದಾರಿ ಇರುವುದಿಲ್ಲ.

ಉತ್ತರ (ಮಲ್ಲೇಶ್ವರ)

ಬೋರ್‌ವೆಲ್ ನೀರು ಬೆರೆಸುತ್ತಿದ್ದರೆ ಪಂಪಿಗೆ ಮೊದಲು ವೈ-ಸ್ಟ್ರೇನರ್ (ಕಸ ಹಿಡಿಯುವ ಜಾಲರಿ) ಹಾಕಿಸಿ. ಸುಣ್ಣದ ಚೂರು ಸಿಕ್ಕಿಕೊಂಡು ಹರಿವು ಇಳಿದರೆ ಗೀಸರ್ ಹೊತ್ತುವುದೇ ಇಲ್ಲ. ಪರೀಕ್ಷೆ ಮಾಡುವಾಗ ಯುಟಿಲಿಟಿಯ ಕಿಟಕಿ ತೆರೆದಿರಲಿ, ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ನೋಡಿದೆ, ಟೀ ಹತ್ತಿರ ಎನ್‌ಆರ್‌ವಿ ಇಲ್ಲವೇ ಇಲ್ಲ. ಬಚ್ಚಲಿನ ಮಿಕ್ಸರಿನ ಎರಡೂ ಹಿಡಿ ತೆರೆದಿದ್ದವು, ಶವರ್ ಮಾತ್ರ ಮುಚ್ಚಿತ್ತು. ಹಿಡಿಗಳನ್ನು ಮುಚ್ಚಿದ ಮೇಲೆ ಅಡುಗೆಮನೆಯ ನಲ್ಲಿ ತಣ್ಣಗಾಯಿತು. ಗುಂಡಿಯನ್ನು ಬಚ್ಚಲಿನೊಳಗೇ ಹಾಕಬಹುದೇ?

ಉತ್ತರ (ಬಸವನಗುಡಿ)

ಬೇಡ ಸರ್, ಅದು 230 ವೋಲ್ಟ್. ಬಾಗಿಲ ಹೊರಗೆ ಹಾಕಿಸಿ, ಪಂಪಿನ ಸಾಲಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿತಗೊಳಿಸುವ ಸ್ವಿಚ್) ಇರಲಿ. ಮಿಕ್ಸರ್ ಮುಚ್ಚಿದ್ದರಿಂದ ಸರಿಹೋಯಿತೆಂದು ಎನ್‌ಆರ್‌ವಿ ಬಿಡಬೇಡಿ. ಮನೆಗೆ ಬಂದವರು ಯಾರಾದರೂ ಮತ್ತೆ ತೆರೆದಿಟ್ಟು ಹೋಗುತ್ತಾರೆ.