ಪದಚರ್ಚೆ: ನರ್ಸ್‌ಗಳ ಹೆಸರಿನ ನಂತರದ ಅಕ್ಷರಗಳು – ಪದವಿಯೋ, ಪರವಾನಗಿಯೋ?

ನಮಸ್ಕಾರ. ಅಮೆರಿಕದ ಆರೋಗ್ಯ ಬರಹಗಳನ್ನು ಕನ್ನಡಕ್ಕೆ ತರುವವರ ನೆರವು ಬೇಕಾಗಿದೆ.

ಅಲ್ಲಿ ನರ್ಸ್ ಒಬ್ಬರ ಹೆಸರಿನ ನಂತರ ‘ಎಂಎಸ್‌ಎನ್, ಆರ್‌ಎನ್, ಸಿಸಿಆರ್‌ಎನ್’ ಎಂದಿರುತ್ತದೆ. ಇದನ್ನು ‘ಮೂರು ಪದವಿಗಳನ್ನು ಪಡೆದ ನರ್ಸ್’ ಎಂದು ಬರೆದರೆ ತಪ್ಪಾಗುತ್ತದೆ. ಮೂರರಲ್ಲಿ ಪದವಿ ಒಂದೇ: ಎಂಎಸ್‌ಎನ್, ಅಂದರೆ ನರ್ಸಿಂಗ್‌ನಲ್ಲಿ ಸ್ನಾತಕೋತ್ತರ ಪದವಿ.

ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಎಂಬುದು ಪರವಾನಗಿ. ನರ್ಸಿಂಗ್ ಓದಿ, ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾದವರಿಗೆ ಆಯಾ ರಾಜ್ಯದ ನರ್ಸಿಂಗ್ ಬೋರ್ಡ್ ಇದನ್ನು ಕೊಡುತ್ತದೆ. ಸುಮಾರು 2 ವರ್ಷದ ಅಸೋಸಿಯೇಟ್ ಪದವಿ ಮಾಡಿದವರೂ 4 ವರ್ಷದ ಬಿಎಸ್‌ಎನ್ (ನರ್ಸಿಂಗ್‌ನಲ್ಲಿ ಸ್ನಾತಕ ಪದವಿ) ಮಾಡಿದವರೂ ಬರೆಯುವುದು ಒಂದೇ ಪರೀಕ್ಷೆ, ಆಗುವುದೂ ಒಂದೇ ಆರ್‌ಎನ್. ಹಾಗಾಗಿ ಆರ್‌ಎನ್ ಎಂಬುದರಿಂದ ಎಷ್ಟು ಓದಿದ್ದಾರೆಂದು ತಿಳಿಯುವುದಿಲ್ಲ. ಬಿಎಸ್‌ಎನ್ ಒಂದರಿಂದಲೇ ಕೆಲಸ ಮಾಡುವ ಹಕ್ಕು ಇದೆಯೆಂದೂ ತಿಳಿಯುವುದಿಲ್ಲ. ರೋಗಿಯ ಕಡೆಯವರಿಗೆ ಮುಖ್ಯವಾದ ವ್ಯತ್ಯಾಸ ಇದು; ಅನುವಾದದಲ್ಲಿ ಮೊದಲು ಮಸುಕಾಗುವುದೂ ಇದೇ.

ಸಿಸಿಆರ್‌ಎನ್ ಮೂರನೆಯ ಬಗೆ. ತೀವ್ರ ನಿಗಾ ಆರೈಕೆಯಲ್ಲಿ ಪರಿಣತಿ ಇದೆಯೆಂದು ವೃತ್ತಿಸಂಘವೊಂದು ಪರೀಕ್ಷೆ ನಡೆಸಿ ಕೊಡುವ ಪ್ರಮಾಣಪತ್ರ ಅದು. 3 ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ಅಕ್ಷರಗಳು ಯಾವುದರ ಸಂಕ್ಷೇಪವೂ ಅಲ್ಲ, ಬರಿಯ ಗುರುತು ಎಂದು ಆ ಸಂಘವೇ ಹೇಳುತ್ತದೆ. ಆದ್ದರಿಂದ ಬಿಡಿಸಿ ಅನುವಾದಿಸುವ ಆಸೆಯನ್ನು ಬಿಡುವುದೇ ಸರಿ.

ಬರೆಯುವ ಕ್ರಮಕ್ಕೂ ಅರ್ಥವಿದೆ. ಮೊದಲು ಪದವಿ, ಆಮೇಲೆ ಪರವಾನಗಿ, ಆಮೇಲೆ ಪ್ರಮಾಣಪತ್ರ, ಕೊನೆಗೆ ಎಫ್‌ಎಎಎನ್‌ನಂಥ (ಅಮೆರಿಕನ್ ಅಕಾಡೆಮಿ ಆಫ್ ನರ್ಸಿಂಗ್‌ನ ಫೆಲೋ) ಗೌರವ. ಪದವಿ ಬದುಕಿನುದ್ದಕ್ಕೂ ಉಳಿಯುವಂಥದು, ಉಳಿದವನ್ನು ಉಳಿಸಿಕೊಳ್ಳಬೇಕು. ಅದಕ್ಕೇ ಪದವಿಗೆ ಮೊದಲ ಸ್ಥಾನ. ಕನ್ನಡದಲ್ಲಿ ಓದಲು ಚೆನ್ನಾಗಿರುತ್ತದೆಂದು ಈ ಕ್ರಮವನ್ನು ಕದಲಿಸಬಾರದು ಎಂದು ನನ್ನ ಅಭಿಪ್ರಾಯ.

ಈಗ ತೊಡಕು. ಆರ್‌ಎನ್‌ಗೆ ‘ನೋಂದಾಯಿತ ನರ್ಸ್’ ಎನ್ನುತ್ತೇವೆ. ಆದರೆ ‘ನೋಂದಾಯಿತ’ ಎಂದಾಗ ಪಟ್ಟಿಯಲ್ಲಿ ಹೆಸರು ಸೇರಿದೆ ಎಂಬಷ್ಟೇ ಅರ್ಥ ಹೊಳೆಯುತ್ತದೆ. ಕಾನೂನು ಕೊಟ್ಟ ಹಕ್ಕು ಎಂಬ ತೂಕ ಬರುವುದಿಲ್ಲ. ‘ಪರವಾನಗಿ ಪಡೆದ ನರ್ಸ್’ ಎಂದರೆ ತೂಕ ಬರುತ್ತದೆ, ಆದರೆ ಎಲ್‌ಪಿಎನ್ (ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್) ಎಂಬ ಬೇರೊಂದು ದರ್ಜೆ ಅಡ್ಡ ನಿಲ್ಲುತ್ತದೆ. ಅವರ ಹೆಸರಲ್ಲೇ ‘ಲೈಸೆನ್ಸ್ಡ್’ ಇದೆ. ಓದು ಸುಮಾರು ಒಂದು ವರ್ಷದ್ದು, ಕೆಲಸದ ವ್ಯಾಪ್ತಿ ಆರ್‌ಎನ್‌ಗಿಂತ ಕಿರಿದು. (ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ಇದೇ ದರ್ಜೆಗೆ ಎಲ್‌ವಿಎನ್ ಎನ್ನುತ್ತಾರೆ.) ಪರವಾನಗಿ ಇಬ್ಬರಿಗೂ ಇದೆ, ಆ ಪದವನ್ನು ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲವೇನೋ ಎನಿಸುತ್ತದೆ.

ಸದ್ಯಕ್ಕೆ ನಾನು ಅಕ್ಷರಗಳನ್ನು ಹಾಗೆಯೇ ಕನ್ನಡ ಲಿಪಿಯಲ್ಲಿಟ್ಟು, ಮೊದಲ ಸಲ ಬಂದಲ್ಲಿ ಒಂದು ಸಾಲಿನ ವಿವರಣೆ ಕೊಡುತ್ತಿದ್ದೇನೆ. ಎರಡೂ ದರ್ಜೆಗಳನ್ನು ಬೇರೆಬೇರೆಯಾಗಿ ತೋರಿಸಿ, ಪರವಾನಗಿಯ ಅರ್ಥವನ್ನೂ ಉಳಿಸುವ ಪದಜೋಡಿ ಯಾರಿಗಾದರೂ ಹೊಳೆದಿದೆಯೇ?

ಇನ್ನೊಂದು ಪ್ರಶ್ನೆ. ಡಿಎನ್‌ಪಿ ಎಂಬುದು ನರ್ಸಿಂಗ್‌ನ ಡಾಕ್ಟರೇಟ್. ಅದನ್ನು ಪಡೆದವರ ಹೆಸರಿನ ಹಿಂದೆ ‘ಡಾ.’ ಹಾಕಿದರೆ ಆಸ್ಪತ್ರೆಯ ಕುರಿತ ಬರಹದಲ್ಲಿ ಓದುಗರು ಅವರನ್ನು ವೈದ್ಯರೆಂದೇ ತಿಳಿಯುತ್ತಾರೆ. ಬಿಟ್ಟರೆ ಅವರ ಓದಿಗೆ ಅನ್ಯಾಯ. ‘ಡಾ.’ ಹಾಕಿ, ಪಕ್ಕದಲ್ಲೇ ‘ನರ್ಸ್’ ಎಂದು ತಪ್ಪದೆ ಬರೆಯಬೇಕೆಂದು ನನಗನಿಸುತ್ತದೆ. ನೀವೇನೆನ್ನುತ್ತೀರಿ?